ಮನೆಯಲ್ಲಿ ಶುಶ್ರೂಷೆ: ಮೊದಲ ಪಾಠ ಅವಲೋಕನ

ಶುಶ್ರೂಷೆಯೆಂದೊಡನೆ ಗಂಜಿ ಕುಡಿಸುವುದು, ಹಣೆಗೆ ಒದ್ದೆಬಟ್ಟೆ ಹಾಕುವುದು, ವೇಳೆಗೆ ಸರಿಯಾಗಿ ಗುಳಿಗೆ ನುಂಗಿಸುವುದು, ಇಷ್ಟೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ದಾದಿಯರ ಶಿಕ್ಷಣದಲ್ಲಿ ಇವೆಲ್ಲಕ್ಕೂ ಅಡಿಪಾಯವಾದುದು ಅವಲೋಕನ; ಅಂದರೆ ರೋಗಿಯನ್ನು ಕಣ್ಣಿಟ್ಟು ನೋಡಿ, ಕಿವಿಗೊಟ್ಟು ಕೇಳಿ, ಕಂಡದ್ದನ್ನು ಬರೆದಿಡುವುದು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥದಲ್ಲಿ ಈ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಅದನ್ನು ಆಕೆ ಬರೆದದ್ದು ದಾದಿಯರ ಪಠ್ಯವಾಗಿ ಅಲ್ಲ, ಮನೆಮಂದಿಯ ಆರೈಕೆಯ ಹೊಣೆ ಹೊತ್ತ ಸಾಮಾನ್ಯ ಸ್ತ್ರೀಯರಿಗಾಗಿ. (ಇಂದು ಆ ಹೊಣೆ ಸೊಸೆಯಂದಿರದು ಮಾತ್ರವೆಂದು ಗಂಡುಮಕ್ಕಳು ಭಾವಿಸಬೇಕಾಗಿಲ್ಲ.)

ರೋಗಿ ತಾನೇ ಹೇಳುವುದು ಒಂದು, ನಾವು ಕಂಡು ಅಳೆದು ತಿಳಿಯುವುದು ಇನ್ನೊಂದು. ಮೊದಲನೆಯದರಲ್ಲಿ ಹೊರನಾಡಿನವರಾದ ನಮಗೆ ವಿಶೇಷ ತೊಡಕುಂಟು. ಊರಿನಿಂದ ಬಂದ ವೃದ್ಧ ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ವೈದ್ಯರು ಪ್ರಶ್ನಿಸುವುದು ಮರಾಠಿಯಲ್ಲೋ ಹಿಂದಿಯಲ್ಲೋ. “ಎದೆ ಹಿಂಡಿದ ಹಾಗಾಗುತ್ತದಪ್ಪ” ಎಂದು ಆಕೆ ಹೇಳಿದ್ದನ್ನು ಮಗ ಅವಸರದಲ್ಲಿ “ಗ್ಯಾಸ್ ಆಗಿದೆಯಂತೆ” ಎಂದು ದಾಟಿಸಿದರೆ, ಹೃದಯದ ತೊಂದರೆಯ ಸುಳಿವೊಂದು ದಾರಿಯಲ್ಲೇ ಕಳೆದುಹೋಗುತ್ತದೆ. ಹಿಂಡುವುದು, ಉರಿಯುವುದು, ಚುಚ್ಚುವುದು, ಸೆಳೆಯುವುದು, ಜೋಮು ಹಿಡಿಯುವುದು, ಇವು ಒಂದೇ ಅಲ್ಲ. ಆದುದರಿಂದ ದುಭಾಷಿಯಾದವನು ಸ್ವಂತ ತೀರ್ಮಾನ ಬೆರೆಸದೆ ರೋಗಿಯ ಮಾತನ್ನೇ ಒಪ್ಪಿಸಬೇಕು: ನೋವು ಎಲ್ಲಿ, ಎಂದಿನಿಂದ, ಎತ್ತ ಹರಡುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುವ ಪದ್ಧತಿ ಆಸ್ಪತ್ರೆಗಳಲ್ಲಿದೆ. ನಮ್ಮ ಹಿರಿಯರನ್ನು “ರೂಪಾಯಿಗೆ ಎಷ್ಟಾಣೆ ಕಡಿಮೆಯಾಗಿದೆ?” ಎಂದು ಕೇಳಿದರೆ ಹೆಚ್ಚು ಖಚಿತವಾದ ಉತ್ತರ ದೊರೆತೀತು!

ಇನ್ನು ಅಳೆಯುವುದು. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100. ಅದನ್ನು ಹೆಬ್ಬೆರಳಿನಿಂದ ನೋಡಬಾರದು, ಅದರಲ್ಲಿ ನಮ್ಮದೇ ನಾಡಿ ಮಿಡಿಯುತ್ತಿರುತ್ತದೆ. ಜ್ವರ ನೋಡುವುದು ಎಲ್ಲರಿಗೂ ಗೊತ್ತು. ಮನೆಗಳಲ್ಲಿ ಯಾರೂ ಎಣಿಸದಿರುವುದೆಂದರೆ ಉಸಿರು; ಸ್ಥಿತಿ ಹದಗೆಡುವಾಗ ಬಹಳ ಮೊದಲೇ ಬದಲಾಗುವ ಲಕ್ಷಣಗಳಲ್ಲಿ ಅದೇ ಮುಖ್ಯವಾದುದು. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಾಟದ ಗತಿಯೇ ಬದಲಾಗುವುದರಿಂದ, ದಾದಿಯರು ನಾಡಿ ಎಣಿಸಿದ ಮೇಲೂ ಮಣಿಕಟ್ಟನ್ನು ಬಿಡದೆ, ಎದೆ ಏರಿಳಿಯುವುದನ್ನು ಪೂರ್ಣ ಒಂದು ನಿಮಿಷ ಗಮನಿಸುತ್ತಾರೆ. 12ರಿಂದ 20 ಸಹಜ. 25 ಅಥವಾ ಅದಕ್ಕಿಂತ ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು. 2020ರ ಕೋವಿಡ್ ಕಾಲದಿಂದ ಹಲವು ಮನೆಗಳಲ್ಲಿರುವ ಆಕ್ಸಿಮೀಟರ್ ಉಪಯುಕ್ತವೇ, ಆದರೆ ತಣ್ಣಗಾದ ಬೆರಳು, ಉಗುರುಬಣ್ಣಗಳಿಂದ ಅದು ತಪ್ಪು ತೋರಿಸಬಲ್ಲದು. ಉಸಿರಿನ ಎಣಿಕೆಗೆ ಅದು ಬದಲಿಯಲ್ಲ. ವೃದ್ಧರಲ್ಲಿ ಸೋಂಕು ತಗುಲಿದರೂ ಜ್ವರ ಬಾರದಿರಬಹುದೆಂಬುದನ್ನೂ ಮರೆಯಲಾಗದು. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಹೊತ್ತುಗೊತ್ತು ತಿಳಿಯದೆ ಏನೇನೋ ಮಾತನಾಡಿದರೆ ಅದನ್ನು “ವಯಸ್ಸಾಯಿತು” ಎಂದು ತಳ್ಳಿಹಾಕುವುದು ಅಪಾಯಕರ.

ಹಾಸಿಗೆ ಹಿಡಿದವರ ಚರ್ಮವನ್ನು ಪ್ರತಿದಿನವೂ ಪರೀಕ್ಷಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ, ಈ ಭಾಗಗಳನ್ನು ವಿಶೇಷವಾಗಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಹಾಸಿಗೆ ಹುಣ್ಣಿನ ಮುನ್ಸೂಚನೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ, ಮುಟ್ಟಿದರೆ ಬಿಸಿಯೋ ಗಡುಸೋ ಆಗಿ ತಿಳಿಯಬಹುದು. ಅಲ್ಲಿ ಸ್ಪಿರಿಟ್ ಹಚ್ಚಿ ಉಜ್ಜುವ ಹಿಂದಿನ ರೂಢಿಯನ್ನು ಈಗ ಕೈಬಿಡಲಾಗಿದೆ, ಉಜ್ಜಿದರೆ ಹಾನಿಯೇ ಹೆಚ್ಚು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದು, ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆಯುವುದು, ಇವೇ ಚಿಕಿತ್ಸೆ.

ನಗರಗಳ ಮನೆಗಳಲ್ಲಿ ಹಗಲು ಬಾಡಿಗೆಯ ಆಯಾ, ಸಂಜೆ ಸೊಸೆ, ರಾತ್ರಿ ಮಗ, ಹೀಗೆ ಕೈ ಬದಲಾಗುತ್ತಿರುವಾಗ ಯಾರ ನೆನಪನ್ನೂ ನಂಬುವಂತಿಲ್ಲ. ತಲೆದಿಂಬಿನ ಬಳಿ ನಲವತ್ತು ಪುಟದ ನೋಟ್‌ಬುಕ್ಕೊಂದಿರಲಿ. ದಿನಾಂಕ, ವೇಳೆ, ನಾಡಿ, ಉಸಿರು, ಉಷ್ಣತೆ, ಕುಡಿದ ನೀರು, ಹೋದ ಮೂತ್ರ, ಕೊಟ್ಟ ಗುಳಿಗೆ, ಇಷ್ಟನ್ನು ಬರೆಯಬೇಕು. “ಚೆನ್ನಾಗಿದ್ದಾರೆ” ಎಂಬುದು ದಾಖಲೆಯಲ್ಲ. “ಎರಡು ಇಡ್ಲಿ ತಿಂದರು, ಕೈ ಹಿಡಿದು ಬಚ್ಚಲಿಗೆ ನಡೆದರು” ಎಂಬುದು ದಾಖಲೆ. ಇಡೀ ದಿನದಲ್ಲಿ ಮೂತ್ರ 400 ಮಿಲಿಲೀಟರಿಗೂ ಕಡಿಮೆಯಾದರೆ ಆ ಪುಟವನ್ನೇ ವೈದ್ಯರ ಮುಂದಿಡಬೇಕು. ಆಯಾಳಿಗೆ ಕನ್ನಡ ಬಾರದಿದ್ದರೆ ತನಗೆ ತಿಳಿದ ಲಿಪಿಯಲ್ಲೇ ಬರೆಯಲಿ. ಅಂಕಿಗಳನ್ನು ಯಾರಾದರೂ ಓದಬಲ್ಲರು.