ಕೆತ್ತಿದ ಮರ, ಬರೆದ ಮರ

ನಮ್ಮ ತಿಲಕ್ ನಗರಕ್ಕೆ ಲಾಲ್‌ಬಾಗ್ ಹತ್ತಿರ. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಫಲಪುಷ್ಪ ಪ್ರದರ್ಶನಕ್ಕೆ. ಗಾಜಿನ ಮನೆ ನೋಡಿ, ಫೋಟೋ ತೆಗೆದುಕೊಂಡು ಬರುತ್ತೇವೆ. ಆದರೆ ಬಿದ್ದ ಮರಗಳ ದಿಮ್ಮಿಗಳಲ್ಲಿ ಕಲಾವಿದರು ಕೆತ್ತಿದ ಶಿಲ್ಪಗಳೂ ಅಲ್ಲಿವೆ. ಹಿಂದೆ ಇದೇ ತೋಟದಲ್ಲಿ ಮರಗಿಡಗಳ ಚಿತ್ರ ಬರೆಯುವ ಕಲಾವಿದರೂ ಇದ್ದರು. ಈ ಎರಡು ಕಲೆಗಳು ಮರದ ಬಗ್ಗೆ ನಮಗೆ ಏನು ಕಲಿಸುತ್ತವೆ ಎಂದು ನೋಡೋಣ.

ತೋಟದ ಹಿನ್ನೆಲೆ

1760ರಲ್ಲಿ ಹೈದರ್ ಅಲಿ ಲಾಲ್‌ಬಾಗ್ ಆರಂಭಿಸಿದರು. ಟಿಪ್ಪು ಸುಲ್ತಾನ್ ಬೆಳೆಸಿದರು. ಈಗ ಅದು ಸುಮಾರು 240 ಎಕರೆ. ಲಾಲ್ ಎಂದರೆ ಕೆಂಪು, ಬಾಗ್ ಎಂದರೆ ತೋಟ. ನಮ್ಮಂಥ ಉರ್ದು ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆತ್ತಿದ ಮರ

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಸವಕಳಿ ಕಲಿಯುತ್ತೇವೆ. ಯಂತ್ರದ ಬೆಲೆ ವರ್ಷ ವರ್ಷ ಇಳಿದು, ಕೊನೆಗೆ ಗುಜರಿ ಬೆಲೆ ಉಳಿಯುತ್ತದೆ. ಬಿದ್ದ ಮರಕ್ಕೂ ಹಾಗೇ ಲೆಕ್ಕ ಹಾಕಿದರೆ ಸಿಗುವುದು ಸೌದೆಯ ಬೆಲೆ ಮಾತ್ರ. ಶಿಲ್ಪಿಯ ಉಳಿ ಆ ಲೆಕ್ಕವನ್ನು ಬದಲಿಸುತ್ತದೆ.

ಕೆಲಸ ಸುಲಭವಲ್ಲ. ಹಸಿ ದಿಮ್ಮಿ ಒಣಗುವಾಗ ಎಲ್ಲ ಕಡೆ ಒಂದೇ ಸಮನೆ ಕುಗ್ಗುವುದಿಲ್ಲ; ಅದಕ್ಕೇ ಸೀಳು ಬಿಡುತ್ತದೆ. ಒಳಗಿನ ಚೇಗು ಗಟ್ಟಿ, ಹೊರಗಿನ ತಿಳಿ ಬಣ್ಣದ ಭಾಗಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಬಯಲಲ್ಲಿಟ್ಟ ಶಿಲ್ಪಕ್ಕೆ ಮಳೆ ಬಿಸಿಲಿನ ಕಾಟ ಬೇರೆ.

ಇನ್ನೊಂದು ಮಾತಿದೆ. ಕೆತ್ತುವಾಗ ತೊಗಟೆ ಹೋಗುತ್ತದೆ. ಎಲೆ, ಹೂವು ಮೊದಲೇ ಹೋಗಿರುತ್ತವೆ. ಶಿಲ್ಪ ಏನೆಂದು ತಿಳಿಯುತ್ತದೆ. ಅದು ಯಾವ ಮರವಾಗಿತ್ತು ಎಂದು ನಮ್ಮಂಥವರಿಗೆ ತಿಳಿಯುವುದಿಲ್ಲ.

ಬರೆದ ಮರ

ಅದನ್ನು ಉಳಿಸುವುದು ಚಿತ್ರ. 19ನೇ ಶತಮಾನದ ಕೊನೆಯಲ್ಲಿ ಜಾನ್ ಕ್ಯಾಮರಾನ್ ಲಾಲ್‌ಬಾಗ್‌ನ ಮುಖ್ಯಸ್ಥರಾಗಿದ್ದಾಗ ಚೆಲುವಯ್ಯ ರಾಜು ಎಂಬ ಕಲಾವಿದರು ಇಲ್ಲಿನ ಸಸ್ಯಗಳ ಚಿತ್ರ ಬರೆದರು. ಸಸ್ಯಶಾಸ್ತ್ರದ ಚಿತ್ರ ಅಲಂಕಾರಕ್ಕಲ್ಲ. ಎಲೆಯ ಆಕಾರ, ನರಗಳು, ಹೂವಿನ ಒಳಭಾಗ, ಕಾಯಿ, ಬೀಜ ಎಲ್ಲವನ್ನೂ ಅಳತೆ ತಪ್ಪದೆ ಬರೆಯಬೇಕು. ಹೂವು ಒಂದು ತಿಂಗಳು, ಕಾಯಿ ಇನ್ನೊಂದು ತಿಂಗಳು ಬಂದರೂ ಒಂದೇ ಹಾಳೆಯಲ್ಲಿ ಎರಡನ್ನೂ ತೋರಿಸಬಹುದು. ಒಂದು ಫೋಟೋದಲ್ಲಿ ಇದು ಕಷ್ಟ. ಜೊತೆಗೆ ಮರದ ಹೆಸರು ಇರುತ್ತದೆ.

ಹೆಸರು ಏಕೆ ಬೇಕು?

ನಮ್ಮ ಮನೆಯಲ್ಲಿ ಇಮ್ಲಿ, ಪಕ್ಕದ ಮನೆಯಲ್ಲಿ ಹುಣಸೆ. ವಿಜ್ಞಾನದಲ್ಲಿ ಅದು ಟ್ಯಾಮರಿಂಡಸ್ ಇಂಡಿಕಾ. ಈ ಹೆಸರು ಬಂದದ್ದು ಅರಬ್ಬಿಯ ‘ತಮರ್ ಹಿಂದಿ’ಯಿಂದ, ಅಂದರೆ ಹಿಂದೂಸ್ತಾನದ ಖರ್ಜೂರ. ಆದರೆ ಮರದ ಮೂಲ ಆಫ್ರಿಕಾ! ಒಂದು ಹೆಸರು ಹಿಡಿದು ಹೋದರೆ ಇಷ್ಟು ಚರಿತ್ರೆ ಸಿಗುತ್ತದೆ. ಹೆಸರು ಮರೆತರೆ ಉಳಿಯುವುದು ಬರೀ ಕಟ್ಟಿಗೆ.

ಆದ್ದರಿಂದ ಪ್ರತಿ ಮರದ ಶಿಲ್ಪದ ಪಕ್ಕದಲ್ಲಿ ಆ ಮರದ ಹೆಸರು ಮತ್ತು ಚಿತ್ರ ಇರುವ ಫಲಕ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಮಾಡಿ ನೋಡಿ

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಪ್ರತಿ ವರ್ಷ ನಮ್ಮ ಊರಿನಲ್ಲಿ ಮರಗಳು ಬೀಳುತ್ತವೆ. ಅದಕ್ಕೆ ಮೊದಲೇ ನಿಮ್ಮ ಬೀದಿಯ ಒಂದು ಮರವನ್ನು ಆರಿಸಿಕೊಳ್ಳಿ.

1. ಉದುರಿದ ಒಂದು ಎಲೆಯನ್ನು ಹಾಳೆಯ ಮೇಲಿಟ್ಟು ಅದರ ಅಂಚು, ನರಗಳನ್ನು ಬರೆಯಿರಿ.
2. ಹೂವು, ಕಾಯಿ ಬಂದಾಗ ಅದೇ ಹಾಳೆಯಲ್ಲಿ ಸೇರಿಸಿ, ತಿಂಗಳು ನಮೂದಿಸಿ.
3. ಕನ್ನಡ, ಉರ್ದು ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ.

ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ, ನೋಡಿದವರಿಗೆ ಯಾವ ಮರವೆಂದು ಗೊತ್ತಾದರೆ ಸಾಕು.