‘ಇಂಡಿಯಾಗೆ ಕಳಿಸಲ್ಲ’: ಹಳೆಯ ವಸ್ತು ಮಾರುವವರು ಹಿಂಜರಿಯೋದು ಯಾಕೆ?

ಹೋದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಸೇರಿ ಗೊತ್ತಿಲ್ಲದ ಒಬ್ಬ ಮನುಷ್ಯನಿಗೆ ಒಂದು ಕೆಟ್ಟ ಮೆಸೇಜ್ ಕಳಿಸಿದೆವು. ಅದನ್ನು ಯಾಕೆ ಕಳಿಸಿದೆವು, ಆಮೇಲೆ ಯಾಕೆ ನಾಚಿಕೆಪಟ್ಟೆವು ಅಂತ ಹೇಳಿದರೆ ಈ ಲೇಖನದ ಅರ್ಧ ವಿಷಯ ಹೇಳಿದ ಹಾಗೆಯೇ.

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನ ಮೇಷ್ಟ್ರೊಬ್ಬರು ನಿವೃತ್ತಿ ಆಗುವವರಿದ್ದರು. ಐಸಿ ಸುಟ್ಟು ಹೊಗೆ ಬಂದರೂ ಬೈಯದೆ, ಪಕ್ಕದಲ್ಲಿ ಕೂತು ತಪ್ಪು ಎಲ್ಲಿದೆ ಅಂತ ಹುಡುಕಿ ಕೊಡುತ್ತಿದ್ದವರು. ತಾವು ವಿದ್ಯಾರ್ಥಿಯಾಗಿದ್ದಾಗ ತಮ್ಮ ಪ್ರೊಫೆಸರ್ ಮೇಜಿನ ಮೇಲೆ ಒಂದು ಎಚ್‌ಪಿ-35 ಕ್ಯಾಲ್ಕ್ಯುಲೇಟರ್ ಇರುತ್ತಿತ್ತು, ಅದನ್ನು ಮುಟ್ಟೋಕೆ ಯಾರಿಗೂ ಬಿಡುತ್ತಿರಲಿಲ್ಲ ಅಂತ ಅವರು ಆಗಾಗ ಹೇಳುತ್ತಿದ್ದರು. ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ ಬೇಡ, ಅದನ್ನೇ ಕೊಡೋಣ ಅಂತ ನಾವು ತೀರ್ಮಾನ ಮಾಡಿದೆವು.

ಎಚ್‌ಪಿ-35 ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1972ರಲ್ಲಿ ಬಂದ, ಜೇಬಿನಲ್ಲಿ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್. ಆಗಿನ ಬೆಲೆ 395 ಡಾಲರ್. 35 ಕೀಗಳಿವೆ, ಹೆಸರು ಬಂದಿದ್ದೂ ಅದರಿಂದಲೇ. ಎಂಜಿನಿಯರುಗಳ ಕೈಯಿಂದ ಸ್ಲೈಡ್ ರೂಲ್ ಬಿಡಿಸಿದ್ದು ಇದೇ. ಇವತ್ತು ಇದು ಸಂಗ್ರಾಹಕರ ವಸ್ತು. ಹುಡುಕಿದಾಗ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ, ನಮ್ಮ ಬಜೆಟ್‌ಗೆ ಹೊಂದುವ ಹಾಗೆ, ಅಮೆರಿಕದ ಒಬ್ಬರ ಹತ್ತಿರ ಸಿಕ್ಕಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಅಮೆರಿಕದ ಹೊರಗೆ ಕಳಿಸುವುದಿಲ್ಲ.

ಕೇಳಿ ನೋಡಿದೆವು. ‘ಸಾರಿ, ಇಂಡಿಯಾಗೆ ಕಳಿಸಲ್ಲ’ ಅಂತ ಉತ್ತರ ಬಂತು. ನಮಗೆ ಸಿಟ್ಟು ಬಂತು. ‘ನಾವು ಇಂಡಿಯನ್ಸ್ ಅಂತ ತಾನೆ? ದುಡ್ಡು ಮೊದಲೇ ಕೊಡ್ತೀವಿ, ಇನ್ನೇನು ಭಯ ನಿಮಗೆ?’ ಅಂತ ಬರೆದು ಕಳಿಸಿಯೇಬಿಟ್ಟೆವು.

ಮಾರನೇ ದಿನ ಉದ್ದನೆಯ ಉತ್ತರ ಬಂತು. ಆತ ಕೆಲಸದಿಂದ ನಿವೃತ್ತರಾದವರು. ಹಿಂದೆ ಒಮ್ಮೆ ಬೇರೆ ದೇಶಕ್ಕೆ ಒಂದು ಕ್ಯಾಲ್ಕ್ಯುಲೇಟರ್ ಕಳಿಸಿದ್ದರಂತೆ. ಟ್ರ್ಯಾಕಿಂಗ್ ವಿಮಾನ ನಿಲ್ದಾಣದಲ್ಲೇ ನಿಂತುಹೋಯಿತು. ಕೊಂಡವರು ದುಡ್ಡು ವಾಪಸ್ ಕೇಳಿದರು, ಸಿಕ್ಕಿತು. ತಿಂಗಳುಗಳ ನಂತರ ಡಬ್ಬ ಇವರ ಮನೆಗೇ ವಾಪಸ್ ಬಂತು, ಡಿಸ್‌ಪ್ಲೇ ಒಡೆದು. ‘ನಿಮ್ಮ ದೇಶದ ಮೇಲೆ ನನಗೇನೂ ಕೋಪ ಇಲ್ಲ, ಇನ್ನೊಂದು ಕಳಕೊಳ್ಳೋ ಶಕ್ತಿ ಇಲ್ಲ’ ಅನ್ನೋದು ಅವರ ಮಾತಿನ ಸಾರ.

ನಾವು ಕ್ಷಮೆ ಕೇಳಿದೆವು. ಆಮೇಲೆ ಈ ವಿಷಯವನ್ನು ಕೂತು ಓದಿದೆವು. ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

1. ಬದಲಿ ಕೊಡೋಕೆ ಇನ್ನೊಂದಿಲ್ಲ

ಹೊಸ ಇಯರ್‌ಫೋನ್ ದಾರಿಯಲ್ಲಿ ಒಡೆದರೆ ಕಂಪನಿ ಇನ್ನೊಂದು ಕಳಿಸುತ್ತದೆ. ಹಳೆಯ ವಸ್ತುವಿಗೆ ಆ ಅನುಕೂಲವಿಲ್ಲ. ಎಚ್‌ಪಿ-35ನಲ್ಲೇ ನೋಡಿ: ಮೊದಮೊದಲು ಬಂದವುಗಳಲ್ಲಿ ಒಂದು ದೋಷವಿತ್ತು. 2.02 ಒತ್ತಿ, ಅದರ ನ್ಯಾಚುರಲ್ ಲಾಗ್ ತೆಗೆದು, ಮತ್ತೆ ಎಕ್ಸ್‌ಪೊನೆನ್ಷಿಯಲ್ ಒತ್ತಿದರೆ 2.02 ಬರಬೇಕು, ಆದರೆ ಬರುತ್ತಿದ್ದದ್ದು ಬರೀ 2. ಕಂಪನಿ ಅಂಥವನ್ನು ಸರಿಮಾಡಿಕೊಡಲು ಮುಂದೆ ಬಂತು. ಹಾಗಾಗಿ ದೋಷ ಉಳಿಸಿಕೊಂಡಿರುವ ಕ್ಯಾಲ್ಕ್ಯುಲೇಟರೇ ಇವತ್ತು ಸಂಗ್ರಾಹಕರಿಗೆ ಹೆಚ್ಚು ಪ್ರಿಯ! ಅಂಥದ್ದು ಕಳೆದುಹೋದರೆ ಬದಲಿಗೆ ಏನು ಕೊಡೋದು?

ಇನ್ಶೂರೆನ್ಸ್ ಮಾಡಿಸಬಹುದಲ್ಲ ಅಂತ ನಾವೂ ಕೇಳಿದೆವು. ಆದರೆ ಅಲ್ಲಿ ಬೆಲೆಗೆ ದಾಖಲೆ ಬೇಕು. ಅಟ್ಟದ ಮೇಲೆ ಸಿಕ್ಕ ವಸ್ತುವಿಗೆ ಬಿಲ್ ಎಲ್ಲಿಂದ ತರೋದು? ಒಡೆದಿದೆ ಅಂತ ತೋರಿಸಲು ಡಬ್ಬವನ್ನು ಪರಿಶೀಲನೆಗೆ ಕೊಡಬೇಕು. ಆ ಡಬ್ಬ ಸಮುದ್ರದ ಆಚೆ ಕೊಂಡವರ ಮನೆಯಲ್ಲಿರುತ್ತದೆ. ಇನ್ನು ಸಂಗ್ರಾಹಕರ ಲೋಕದಲ್ಲಿ ಪೆಟ್ಟಿಗೆಯ ಮೂಲೆ ಜಜ್ಜಿದರೂ ಬೆಲೆ ಇಳಿಯುತ್ತದೆ. ಅಂಚೆಯವರ ಕಣ್ಣಿಗೆ ಅದು ನಷ್ಟದ ಹಾಗೆ ಕಾಣೋದೇ ಕಷ್ಟ.

2. ತಲುಪಿದೆ ಅಂತ ಯಾರು ತೋರಿಸಬೇಕು?

ವಿದೇಶಿ ಅಂಚೆಯ ಟ್ರ್ಯಾಕಿಂಗ್ ನಂಬರ್ ನೋಡಿದ್ದೀರಾ? ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ದೇಶದ ಎರಡು ಅಕ್ಷರ. ಈ ಮಾದರಿಯನ್ನು ಗೊತ್ತುಮಾಡಿರುವುದು 1874ರಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟ. ಒಂಬತ್ತನೇ ಅಂಕಿ ಚೆಕ್ ಡಿಜಿಟ್. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. 12345678 ತಗೊಂಡರೆ ಮೊತ್ತ 204, ಶೇಷ 6, ಚೆಕ್ ಡಿಜಿಟ್ 5. (ಉತ್ತರ 10 ಬಂದರೆ 0, 11 ಬಂದರೆ 5 ಅಂತ ಬರೆಯುತ್ತಾರೆ.)

ನಂಬರ್ ತಪ್ಪಾಗದ ಹಾಗೆ ಇಷ್ಟು ಚೆಂದದ ಏರ್ಪಾಡಿದೆ. ಆದರೆ ಡಬ್ಬ ಎಲ್ಲಿದೆ ಅನ್ನೋದು ಪ್ರತಿ ನಿಲ್ದಾಣದಲ್ಲೂ ಯಾರಾದರೂ ಸ್ಕ್ಯಾನ್ ಮಾಡಿದರೆ ಮಾತ್ರ ಗೊತ್ತಾಗೋದು. ಒಂದು ದೇಶದ ಅಂಚೆ ಇನ್ನೊಂದು ದೇಶದ ಅಂಚೆಗೆ ಡಬ್ಬ ದಾಟಿಸುವ ಜಾಗದಲ್ಲಿ, ಅದೂ ಕಡಿಮೆ ದರದ ಸೇವೆಯಲ್ಲಿ, ಈ ಸರಪಳಿ ಕಡಿದುಹೋಗಬಹುದು.

‘ಬಂದಿಲ್ಲ’ ಅಂತ ಕೊಂಡವರು ಹೇಳಿದರೆ ‘ತಲುಪಿದೆ’ ಅಂತ ಪುರಾವೆ ಕೊಡಬೇಕಾದ್ದು ಮಾರಿದವರು. ಇಬೇ ನಿಯಮದಲ್ಲಿ ಒಟ್ಟು ಮೊತ್ತ 750 ಡಾಲರ್ ಅಥವಾ ಹೆಚ್ಚಾದರೆ ಸಹಿ ಪಡೆದ ಪುರಾವೆಯೂ ಬೇಕು. ಪೇಪಾಲ್‌ನಲ್ಲಿ ಹಣ ಕೊಟ್ಟವರು 180 ದಿನಗಳವರೆಗೆ ತಕರಾರು ತೆಗೆಯಬಹುದು. ‘ದುಡ್ಡು ಮೊದಲೇ ಕೊಡ್ತೀವಿ’ ಅಂದೆವಲ್ಲ, ಆ ಮಾತಿಗೆ ನಾವು ಅಂದುಕೊಂಡಷ್ಟು ತೂಕ ಇರಲಿಲ್ಲ. ಮೊದಲೇ ಕೊಟ್ಟ ದುಡ್ಡು ಅರ್ಧ ವರ್ಷದವರೆಗೆ ವಾಪಸ್ ಹೋಗಬಹುದಾದ ದುಡ್ಡು.

3. ಸಣ್ಣ ಲೆಕ್ಕ

ಈಗ ಪ್ರಾಬಬಿಲಿಟಿ ಕ್ಲಾಸ್ ನೆನಪಿಸಿಕೊಳ್ಳಿ. ಅಂಕಿಗಳು ಸುಮ್ಮನೆ ಉದಾಹರಣೆಗೆ. ಒಬ್ಬರು 17,000 ರೂಪಾಯಿಗೆ ಕೊಂಡ ವಸ್ತುವನ್ನು 20,000ಕ್ಕೆ ಮಾರುತ್ತಾರೆ ಅಂತ ಇಟ್ಟುಕೊಳ್ಳೋಣ. ಲಾಭ 3,000. ಅಂಚೆ ಖರ್ಚು 4,000, ಅದನ್ನು ಕೊಂಡವರೇ ಕೊಡುತ್ತಾರೆ. ಡಬ್ಬ ಕಳೆದುಹೋದರೆ ಪೂರ್ತಿ 24,000 ವಾಪಸ್ ಕೊಡಬೇಕು. ಆಗ ಮಾರಿದವರಿಗೆ ವಸ್ತುವಿನ 17,000, ಅಂಚೆಯ 4,000, ಒಟ್ಟು 21,000 ನಷ್ಟ. ಒಂದು ನಷ್ಟ ತುಂಬಲು ಏಳು ಒಳ್ಳೆಯ ವ್ಯಾಪಾರ ಆಗಬೇಕು.

ನೂರಕ್ಕೆ ಒಂದು ಡಬ್ಬ ಕಳೆದರೆ ಸರಾಸರಿ ಲಾಭ 2,760. ಇಪ್ಪತ್ತಕ್ಕೆ ಒಂದು ಕಳೆದರೆ 1,800. ಎಂಟಕ್ಕೆ ಒಂದಾದರೆ ಸೊನ್ನೆ. ‘1,800 ಆದರೂ ಲಾಭವೇ ಅಲ್ವಾ?’ ಅಂತ ನಮ್ಮಲ್ಲೇ ಒಬ್ಬ ವಾದ ಮಾಡಿದ. ಲಕ್ಷ ಡಬ್ಬ ಕಳಿಸುವ ಕಂಪನಿಗೆ ಆ ಮಾತು ಸರಿ. ವರ್ಷಕ್ಕೆ ನಾಲ್ಕು ವಸ್ತು ಮಾರುವ ಮನುಷ್ಯನಿಗೆ ಸರಾಸರಿ ಅನ್ನೋದು ಕಾಗದದ ಮೇಲೆ ಮಾತ್ರ ಇರುತ್ತದೆ. ಅವರ ಪಾಲಿಗೆ ಒಂದೋ 3,000 ಬಂತು, ಇಲ್ಲಾ 21,000 ಹೋಯ್ತು. ದೊಡ್ಡ ಕಂಪನಿ ನುಂಗಿಕೊಳ್ಳುವ ನಷ್ಟವೇ ಅವರ ಇಡೀ ವರ್ಷದ ಲಾಭವನ್ನು ತಿಂದುಹಾಕುತ್ತದೆ.

4. ಫಾರ್ಮ್ ಮೇಲೆ ಸಹಿ ಯಾರದು?

ವಿದೇಶಕ್ಕೆ ಹೋಗುವ ಡಬ್ಬದ ಮೇಲೆ ಕಸ್ಟಮ್ಸ್ ಘೋಷಣೆ ಇರಬೇಕು: ಒಳಗೇನಿದೆ, ಬೆಲೆ ಎಷ್ಟು, ಮಾರಾಟವೋ ಉಡುಗೊರೆಯೋ. ನಮ್ಮಂಥವರು ಇಲ್ಲೊಂದು ‘ಐಡಿಯಾ’ ಹೇಳುತ್ತೇವೆ: ‘ಗಿಫ್ಟ್ ಅಂತ ಬರೀರಿ, ಬೆಲೆ 10 ಡಾಲರ್ ಹಾಕಿ.’ ಆ ಸುಳ್ಳಿನ ಕೆಳಗೆ ಸಹಿ ಹಾಕುವವರು ಮಾರುವವರು. ಕಳೆದರೆ ಇನ್ಶೂರೆನ್ಸ್ ಸಿಗೋದೂ ಬರೆದ 10 ಡಾಲರ್ ಲೆಕ್ಕದಲ್ಲೇ. ಮೇಲಾಗಿ 2019ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ, ಅಂಚೆ ಮತ್ತು ಕೊರಿಯರ್‌ನಲ್ಲಿ ಗಿಫ್ಟ್ ಹೆಸರಲ್ಲಿ ಸುಂಕವಿಲ್ಲದೆ ಬರುವ ವಸ್ತುಗಳನ್ನು ತಡೆಯಿತು, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು.

ಪ್ರಾಮಾಣಿಕವಾಗಿ ಬರೆದರೂ ಕಷ್ಟ ತಪ್ಪೋದಿಲ್ಲ. ಹಾಸ್ಟೆಲ್‌ನಲ್ಲಿ ಆ್ಯಕ್ಷನ್ ಫಿಗರ್ ಕೂಡಿಡುವ ಗೆಳೆಯರಿಗೆ ಗೊತ್ತಿರಬಹುದು: ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಸುಂಕದ ಮೊತ್ತ ನೋಡಿ ಗಾಬರಿಯಾಗಿ ‘ನಮಗೆ ಬೇಡ’ ಅಂದುಬಿಟ್ಟರೆ ಡಬ್ಬ ಮತ್ತೆ ಅಷ್ಟೇ ದೂರ ವಾಪಸ್ ಹೋಗಬೇಕು, ಹೋದರೆ.

5. ನಿಯಮವೂ ನಿಂತಲ್ಲಿ ನಿಲ್ಲಲ್ಲ

ಇದು ಭಾರತದ ಕಥೆ ಮಾತ್ರ ಅಲ್ಲ. ಯುರೋಪಿಯನ್ ಯೂನಿಯನ್ 22 ಯೂರೋವರೆಗಿನ ಆಮದಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆದುಹಾಕಿತು. 2024ರ ಡಿಸೆಂಬರ್ 13ರಿಂದ ಅಲ್ಲಿ ಹೊಸ ಸುರಕ್ಷತಾ ನಿಯಮ ಬಂತು. ಅದರ ವ್ಯಾಪ್ತಿಗೆ ಬರುವ ವಸ್ತುವನ್ನು ಹೊರಗಿನಿಂದ ಮಾರಬೇಕಾದರೆ ಯೂನಿಯನ್ ಒಳಗೆ ಒಬ್ಬ ಜವಾಬ್ದಾರರು ಇರಬೇಕು. ಮನೆಯಿಂದ ಮಾರುವವರು ಅಂಥವರನ್ನು ಎಲ್ಲಿಂದ ಹುಡುಕಬೇಕು?

ಅಮೆರಿಕದಲ್ಲಿ 800 ಡಾಲರ್‌ವರೆಗಿನ ಡಬ್ಬಗಳಿಗೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಆ ವಿನಾಯಿತಿ ನಿಂತಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕು ಅನ್ನೋದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆಯೂ ಅಮೆರಿಕಕ್ಕೆ ಹೋಗುವ ಹೆಚ್ಚಿನ ಡಬ್ಬಗಳನ್ನು ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರುಮಾಡಿತು. ಇಷ್ಟನ್ನೆಲ್ಲ ದೊಡ್ಡ ಕಂಪನಿಯಲ್ಲಿ ಒಂದು ವಿಭಾಗವೇ ನೋಡಿಕೊಳ್ಳುತ್ತದೆ. ಒಬ್ಬಂಟಿ ಮಾರಾಟಗಾರರಿಗೆ ‘ನಮ್ಮ ದೇಶದೊಳಗೆ ಮಾತ್ರ’ ಅಂತ ಒಂದು ಟಿಕ್ ಹಾಕುವುದು ಸುಲಭ.

ಹಾಗಾದರೆ ದಾರಿ?

ಭಾರವನ್ನು ಬೇರೆಯವರು ಹೊತ್ತರೆ ಇದೇ ಜನ ಒಪ್ಪುತ್ತಾರೆ. 2022ರಲ್ಲಿ ಇಬೇ ಅಮೆರಿಕದ ಮಾರಾಟಗಾರರಿಗೆ ಒಂದು ಏರ್ಪಾಡು ತಂದಿತು: ಅವರು ಅಮೆರಿಕದೊಳಗಿನ ಒಂದು ಗೋದಾಮಿಗೆ ಕಳಿಸಿದರೆ ಸಾಕು, ಮುಂದಿನ ಕಸ್ಟಮ್ಸ್ ಕೆಲಸ, ದಾರಿಯ ನಷ್ಟ ಇವರ ತಲೆಗೆ ಬರಲ್ಲ. ಎಲ್ಲ ದೇಶಕ್ಕೂ ಎಲ್ಲ ವಸ್ತುವಿಗೂ ಇದು ಸಿಗಲ್ಲ. ಆದರೆ ಹಿಂಜರಿಕೆಯ ಬೇರು ಎಲ್ಲಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಕೊಳ್ಳುವ ನಾವು ಮಾಡಬಹುದಾದ್ದೂ ಇದೆ. ಬೆಲೆ ಚೌಕಾಸಿ ಮಾಡುವ ಮೊದಲು ‘ಕಳಿಸ್ತೀರಾ’ ಅಂತ ಕೇಳುವುದು. ಪೂರ್ತಿ ಟ್ರ್ಯಾಕಿಂಗ್, ಸಹಿ, ಇನ್ಶೂರೆನ್ಸ್ ಇರುವ ದುಬಾರಿ ಸೇವೆಗೆ ನಾವೇ ದುಡ್ಡು ಕೊಡುತ್ತೇವೆ ಅನ್ನುವುದು. ಸುಳ್ಳು ಬೆಲೆ ಬರೆಯಿರಿ ಅಂತ ಕೇಳದೇ ಇರುವುದು. ಸುಂಕ ಎಷ್ಟಾಗಬಹುದು ಅಂತ ಮೊದಲೇ ತಿಳಿದುಕೊಳ್ಳುವುದು. ಇಷ್ಟಾದ ಮೇಲೂ ‘ಇಲ್ಲ’ ಅಂದರೆ ಒಪ್ಪಿಕೊಳ್ಳುವುದು.

ನಮ್ಮ ವಿಷಯದಲ್ಲಿ ದಾರಿ ಹೀಗೆ ಸಿಕ್ಕಿತು. ನಮ್ಮ ಗುಂಪಿನವಳೊಬ್ಬಳ ದೊಡ್ಡಮ್ಮನ ಮಗಳು ನ್ಯೂಜೆರ್ಸಿಯಲ್ಲಿದ್ದಾರೆ. ಆ ಹಿರಿಯರು ಅವರ ಮನೆಗೆ ಸಂತೋಷದಿಂದ ಕಳಿಸಿದರು. ಅಕ್ಕ ಮದುವೆಗೆಂದು ಊರಿಗೆ ಬರುವಾಗ ಬಿಲ್ ಸಮೇತ ತಂದರು. ಮೇಷ್ಟ್ರು ಅದನ್ನು ಕೈಗೆ ತಗೊಂಡವರೇ 2.02 ಒತ್ತಿದರು. ಉತ್ತರ 2.02 ಬಂತು. ‘ಅಯ್ಯೋ, ಸರಿಯಾಗಿರೋದೇ ಸಿಕ್ಕಿದೆಯಲ್ರೋ’ ಅಂತ ನಕ್ಕರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ನಮ್ಮ ಸರದಿ

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ರೂಮ್‌ಮೇಟ್‌ನ ಅಜ್ಜ ಬಿಟ್ಟುಹೋದ ಒಂದು ತಗಡಿನ ಡಬ್ಬಿಯಲ್ಲಿ ಹಳೆಯ ನಾಣ್ಯಗಳಿದ್ದವು. ಅವುಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ, ಕನ್ನಡ ಅಕ್ಷರ ಇರುವ ತಾಮ್ರದ ಕಾಸೂ ಇತ್ತು. ಫೋಟೋ ಹಾಕಿದ ಎರಡನೇ ದಿನವೇ ವಿದೇಶದಲ್ಲಿರುವ ಕನ್ನಡಿಗರೊಬ್ಬರು ಒಳ್ಳೆಯ ಬೆಲೆ ಹೇಳಿದರು.

ಈ ಸಲ ಮೊದಲು ನಿಯಮ ಓದಿದೆವು. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಬಿಟ್ಟು ಬೇರೆ ಯಾರೂ ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಒಂದು ತಾಮ್ರದ ಕಾಸಿಗೆ!

‘ಸಾರಿ, ಹೊರದೇಶಕ್ಕೆ ಕಳಿಸಲ್ಲ’ ಅಂತ ಬರೆದೆವು. ತಕ್ಷಣ ಉತ್ತರ ಬಂತು: ‘ಒಂದು ಕಾಸು ಕವರ್‌ನಲ್ಲಿ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ? ದುಡ್ಡು ಈಗಲೇ ಹಾಕ್ತೀನಿ. ಏನ್ ಭಯ?’

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಆ ಅಮೆರಿಕದ ಹಿರಿಯರು ನಮಗೆ ಬರೆದ ಹಾಗೆ, ಸಿಟ್ಟು ಮಾಡಿಕೊಳ್ಳದೆ, ಕಾರಣಗಳನ್ನೆಲ್ಲ ಒಂದೊಂದಾಗಿ ಹೇಳಿ ಉದ್ದನೆಯ ಉತ್ತರ ಬರೆಯೋಕೆ ಕೂತೆವು.