ಮಲ್ಪೆಯ ಕಲ್ಲು, ಕೆರೊಲಿನಾದ ಕಲ್ಲು

ಕಳೆದ ಶರತ್ಕಾಲದಲ್ಲಿ ನಾವು ಏಳು ಮಂದಿ ಶಾರ್ಲಟ್‌ನಿಂದ ಪೂರ್ವಕ್ಕೆ ಒಂದು ಗಂಟೆ ಚಿಲ್ಲರೆ ಕಾರು ಓಡಿಸಿ ಮಾರೋ ಮೌಂಟನ್ ಹತ್ತಿದೆವು. ಎತ್ತರ 936 ಅಡಿ ಅಷ್ಟೇ. ಕುದುರೆಮುಖ ನೋಡಿದವರಿಗೆ ಇದು ಗುಡ್ಡವೂ ಅಲ್ಲ. ಆದರೆ ಅಲ್ಲಿದ್ದ ಫಲಕ ನಮ್ಮನ್ನು ನಿಲ್ಲಿಸಿತು: ಇಲ್ಲಿನ ಕಲ್ಲು ರಯೋಲೈಟ್, ಸುಮಾರು 55 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ದ್ವೀಪಗಳದ್ದು.

ಉಡುಪಿಯ ಗೆಳತಿ ಥಟ್ಟನೆ ಹೇಳಿದಳು, "ಹಾಗಾದ್ರೆ ನಮ್ಮ ತೋನ್ಸೆಪಾರ್‌ನ ಕಲ್ಲೇ ಅಲ್ವಾ ಇದು?" ನಾವು ನಕ್ಕೆವು. ಕರ್ನಾಟಕದಲ್ಲಿ ಜ್ವಾಲಾಮುಖಿ ಎಲ್ಲಿದೆ ಮಾರಾಯ್ತಿ? ರೂಮಿಗೆ ಬಂದು ಓದಿ ನೋಡಿದರೆ ಅವಳು ಹೇಳಿದ್ದೇ ಸರಿ.

ತೋನ್ಸೆಪಾರ್ ಅಂದರೆ ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪಗಳು. ದೋಣಿ ಹೋಗುವ ತೆಂಗಿನ ದ್ವೀಪದ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 10 ಮೀಟರ್ ಆಸುಪಾಸು. ಅಷ್ಟು ಸಣ್ಣ ನೆಲದ ಮೇಲೆ ಆರು ಮೀಟರ್‌ವರೆಗಿನ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಏಳು. ಯಾರೂ ಕಡೆದದ್ದಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಲಾವಾ ಕೂಡ ತಣಿಯುವಾಗ ಕುಗ್ಗುತ್ತದೆ, ಮೇಲ್ಮೈ ಸೀಳುತ್ತದೆ. ತಣಿವು ಒಳಗಿಳಿದಂತೆ ಸೀಳೂ ಕೆಳಗಿಳಿಯುತ್ತದೆ, ಸೀಳುಗಳ ನಡುವೆ ಕಂಬ ಉಳಿಯುತ್ತದೆ.

ಇಲ್ಲೊಂದು ತಪ್ಪು ತಿದ್ದಬೇಕು. ನಮ್ಮಲ್ಲೇ ಹಲವರು ಇದನ್ನು ದಖ್ಖನಿನ ಬಸಾಲ್ಟ್ ಅಂದುಕೊಂಡಿದ್ದೆವು. ಅಲ್ಲ. ದಖ್ಖನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯದು ಅದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಇದೆ. ಗುಣವೂ ಬೇರೆ: ಬಸಾಲ್ಟ್ ಲಾವಾ ನೀರ್‌ದೋಸೆ ಹಿಟ್ಟಾದರೆ, ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಇಡ್ಲಿ ಹಿಟ್ಟು, ದೂರ ಓಡುವುದಿಲ್ಲ.

ಕೆರೊಲಿನಾದ ದ್ವೀಪಗಳ ಕತೆ ಇನ್ನೊಂದು ಬಗೆ. ಅವು ದೂರದ ಸಮುದ್ರದಲ್ಲಿ ಹುಟ್ಟಿ, ಕಾಲಾಂತರದಲ್ಲಿ ಉತ್ತರ ಅಮೆರಿಕಕ್ಕೆ ಬಂದು ಅಂಟಿಕೊಂಡವು. ಸುತ್ತಲಿನ ಮೆತ್ತನೆ ಕಲ್ಲು ಸವೆದುಹೋಯಿತು, ಗಟ್ಟಿ ರಯೋಲೈಟ್ ಯುವಾರಿ ಬೆಟ್ಟಸಾಲಾಗಿ ಉಳಿಯಿತು. ಗಾಜಿನ ಹಾಗೆ ಚೂಪಾಗಿ ಒಡೆಯುವ ಕಲ್ಲಿದು. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಈಟಿಮೊನೆಗಳನ್ನು ಇದರಿಂದಲೇ ಮಾಡಿದರು. ಅವರು ಕೆತ್ತಿ ಉದುರಿಸಿದ ಚೂರುಗಳು ಕಾಲುದಾರಿಯಲ್ಲಿ ಇಂದಿಗೂ ಸಿಗುತ್ತವೆ.

ತಗ್ಗಿನ ವಿಷಯಕ್ಕೆ ಬಂದರೆ, ಚಾರ್ಲ್ಸ್‌ಟನ್ ನಗರವೂ ಸಮುದ್ರಕ್ಕಿಂತ ಕೆಲವೇ ಮೀಟರ್ ಮೇಲಿದೆ. ಆದರೆ ಅದರ ಕಾಲಡಿ ಮರಳು, ಜೇಡಿ. ಎಷ್ಟೋ ಬೀದಿ ಜೌಗು ತುಂಬಿಸಿ ಮಾಡಿದ್ದು. ದೊಡ್ಡ ಭರತ ಬಂದರೆ ಮಳೆಯಿಲ್ಲದೆಯೂ ರಸ್ತೆಗೆ ನೀರು ಬರುತ್ತದೆ. ಮಲ್ಪೆಯ ಕಂಬಗಳಿಗೆ ಅಲೆ ದಿನವೂ ಬಡಿಯುತ್ತದೆ, ಅವು ಜಗ್ಗಿಲ್ಲ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮಲ್ಪೆ ಬಂದರಿನಿಂದ ದೋಣಿ ಹಿಡಿಯಿರಿ. ಮಳೆಗಾಲದಲ್ಲಿ ದೋಣಿ ಇಲ್ಲ. ಕಂಬದ ಮೇಲೆ ಹತ್ತಿ ಫೋಟೋ ತೆಗೆಯುವ ಮೊದಲು ಅದಕ್ಕೆಷ್ಟು ಮುಖ ಅಂತ ಎಣಿಸಿ. ಚೂರು ಕಲ್ಲನ್ನು ಜೇಬಿಗೆ ಹಾಕಬೇಡಿ. ಮಾರೋ ಮೌಂಟನ್‌ನಲ್ಲಿ ನಾವೂ ಎತ್ತಿದ್ದ ಎರಡು ಚೂರನ್ನು, ಫಲಕ ಓದಿದ ಮೇಲೆ, ಎಲ್ಲಿತ್ತೋ ಅಲ್ಲೇ ಇಟ್ಟು ಬಂದೆವು.